ಸುಲಿದ ಹಕ್ಕಿ, ಕಳೆದ ರುಚಿ

ಕೋಳಿಸಾರಿಗೆ ಮಸಾಲೆ ಹುರಿಯುವ ಹದದ ಬಗ್ಗೆ ಈ ವಾರ ಬರೆಯುವೆನೆಂದು ಹೇಳಿದ್ದೆ. ಆದರೆ ಮಸಾಲೆಗೂ ಮುಂಚೆ ತೀರ್ಮಾನವಾಗಬೇಕಾದ ಪ್ರಶ್ನೆಯೊಂದಿದೆ: ಹಕ್ಕಿಯ ಪುಕ್ಕ ತರಿಯಬೇಕೋ, ಪುಕ್ಕದ ಸಮೇತ ಚರ್ಮವನ್ನೇ ಸುಲಿದು ಬಿಸಾಡಬೇಕೋ? ಸುಲಿಯುವವರ ಪಂಗಡ ಇಂದು ಗೆದ್ದಂತಿದೆ. ನಮ್ಮ ಕೋಳಿ ಅಂಗಡಿಗಳಲ್ಲಿ ‘ಸ್ಕಿನ್‌ಲೆಸ್’ ಎಂದರೆ ಶುಚಿ ಎಂದೇ ಅರ್ಥವಾಗಿಬಿಟ್ಟಿದೆ. ಬೇಟೆ ಹಕ್ಕಿಯ ಅಡುಗೆಗೆ ಹೆಸರಾದ ಬ್ರಿಟನ್ನಿನಲ್ಲೂ ಎದೆಯ ಎರಡು ತುಂಡು ಬಿಡಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುವವರಿದ್ದಾರೆ. ಈ ಗೆಲುವನ್ನು ಒಪ್ಪಲಾಗದು ಎಂಬುದು ಈ ಅಂಕಣದ ಹಳೆಯ ನಿಲುವು. ಅದಕ್ಕೆ ಬೇಟೆ ಹಕ್ಕಿಯನ್ನೇ ಸಾಕ್ಷಿಗೆ ಕರೆಯುವುದು ಒಳ್ಳೆಯದು. ಸಾಕಿದ ಕೋಳಿಯ ಮಾಂಸ ಅಡುಗೆಯವರ ತಪ್ಪನ್ನು ಅಷ್ಟಿಷ್ಟು ಕ್ಷಮಿಸುತ್ತದೆ, ಬೇಟೆ ಹಕ್ಕಿಯದು ಕ್ಷಮಿಸುವುದಿಲ್ಲ.

ಸ್ಕಾಟ್ಲೆಂಡಿನ ಬಯಲುಗುಡ್ಡಗಳಲ್ಲಿ ಹೆದರ್ ಗಿಡದ ಕುಡಿ ತಿಂದು ಬೆಳೆಯುವ ಗ್ರೌಸ್ ಹಕ್ಕಿಯನ್ನೇ ನೋಡಿ. ಅದರ ಬೇಟೆಗೆ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಅವಕಾಶ. ಇಂಗ್ಲೆಂಡಿನ ಫೆಸಂಟ್‌ಗೆ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಎರಡೂ ದುಡಿದು ಬದುಕಿದ ಹಕ್ಕಿಗಳು. ಅವುಗಳ ಸ್ನಾಯುವಿನ ಒಳಗೆ ಕೊಬ್ಬು ತೀರ ಕಡಿಮೆ. ಇರುವಷ್ಟರಲ್ಲಿ ಹೆಚ್ಚಿನದು ಚರ್ಮದ ಅಡಿಯಲ್ಲಿರುತ್ತದೆ. ಕಾವು ತಾಗಿದಾಗ ಆ ಕೊಬ್ಬು ಕರಗಿ ಎದೆಯ ಮೇಲೆ ಹರಿಯುತ್ತದೆ, ಚರ್ಮ ಕೆಂಪಾಗುತ್ತ ಪರಿಮಳ ಕಟ್ಟುತ್ತದೆ, ಒಳಗಿನ ತೇವ ಬೇಗ ಆರದಂತೆ ತಡೆಯುತ್ತದೆ. ಸಾರಿಗೆ ಹಾಕಿದರೆ ಚರ್ಮದ ಕೊಲ್ಲಾಜೆನ್ ನಿಧಾನವಾಗಿ ಜೆಲಾಟಿನ್ ಆಗಿ ಕರಗಿ ಸಾರಿಗೆ ಮೈ ಬರುತ್ತದೆ. ಸುಲಿಯುವವರು ಇದೆಲ್ಲವನ್ನೂ ಬುಟ್ಟಿಗೆ ಹಾಕಿ, ಆಮೇಲೆ ಎದೆ ಒಣಗುತ್ತದೆಂದು ಹಂದಿಯ ಕೊಬ್ಬಿನ ಪಟ್ಟಿ ಸುತ್ತುತ್ತಾರೆ. ಸ್ವಂತ ಕಂಬಳಿ ಎಸೆದು ಪಕ್ಕದ ಮನೆಯಿಂದ ಕಡ ತಂದು ಹೊದೆಯುವ ಕೆಲಸ ಅದು.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಹಿಂತಿರುಗುವುದು ಫ್ರಾನ್ಸಿನ ಬ್ರಿಯಾ-ಸವಾರನ್ ಬಳಿಗೆ. ವೃತ್ತಿಯಿಂದ ನ್ಯಾಯಾಧೀಶನಾಗಿದ್ದ ಆತ ರುಚಿಯ ಬಗ್ಗೆ ಬರೆದ ಗ್ರಂಥ 1825ರಲ್ಲಿ ಪ್ರಕಟವಾಯಿತು. ಫೆಸಂಟ್ ಕುರಿತು ಅವನು ಹೇಳುವುದು ಇಷ್ಟು: ಹೊಡೆದ ಕೂಡಲೇ ತಿಂದರೆ ಅದರಲ್ಲಿ ಯಾವ ವಿಶೇಷವೂ ಇಲ್ಲ, ಕೆಲವು ದಿನ ತೂಗುಹಾಕಿದ ಮೇಲೆಯೇ ಅದರ ಪರಿಮಳ ಬಿಚ್ಚಿಕೊಳ್ಳುವುದು, ಮತ್ತು ಆ ದಿನಗಳಲ್ಲಿ ಹಕ್ಕಿಯ ಮೈಮೇಲೆ ಪುಕ್ಕ ಇರಲೇಬೇಕು, ಅಡುಗೆಯ ಹೊತ್ತಿಗಷ್ಟೇ ತರಿಯಬೇಕು. ಪುಕ್ಕದೊಳಗೇ ಉಳಿದ ಹಕ್ಕಿ ಮೊದಲೇ ಬೋಳಾದ ಹಕ್ಕಿಗಿಂತ ಹೆಚ್ಚು ಘಮಘಮಿಸುತ್ತದೆ ಎನ್ನುವ ಅವನು ಎರಡು ಕಾರಣ ಊಹಿಸುತ್ತಾನೆ: ಗಾಳಿ ತಾಗಿ ಪರಿಮಳ ಕುಂದುವುದು ಒಂದು, ಪುಕ್ಕಕ್ಕೆ ಸಲ್ಲುವ ರಸ ಮಾಂಸಕ್ಕೆ ಹಿಂತಿರುಗುವುದು ಇನ್ನೊಂದು. ಎರಡನೆಯದನ್ನು ಇಂದು ನಂಬಬೇಕಿಲ್ಲ. ಮೊದಲನೆಯದರಲ್ಲಿ ಹುರುಳಿದೆ, ಪುಕ್ಕ, ಚರ್ಮ ಎರಡೂ ಇದ್ದರೆ ಮಾಂಸದ ಮೇಲ್ಮೈ ಒಣಗದು, ಕೊಬ್ಬು ಗಾಳಿಗೆ ಬೇಗ ಕಮಟಾಗದು. ಅವನೂ ಹಂದಿಯ ಕೊಬ್ಬನ್ನು ಪೋಣಿಸುತ್ತಿದ್ದನಲ್ಲ ಎಂದು ಕೇಳಬಹುದು. ಪೋಣಿಸುತ್ತಿದ್ದ, ಚರ್ಮವನ್ನು ಉಳಿಸಿಕೊಂಡೇ. ಅವನದು ಇದ್ದುದಕ್ಕೆ ಸೇರಿಸುವ ಕ್ರಮ, ಕಳೆದುಕೊಂಡದ್ದನ್ನು ತುಂಬಿಸುವುದಲ್ಲ.

ಪುಕ್ಕ ತರಿಯುವುದು ತಲೆಯಿಲ್ಲದ ಕೂಲಿ ಎಂಬ ಭಾವನೆಯೂ ಸರಿಯಲ್ಲ. ಪುಕ್ಕ ಮೈತುಂಬ ಒಂದೇ ಸಮ ಹುಟ್ಟುವುದಿಲ್ಲ. ಸಾಲುಸಾಲಾಗಿ ಪಟ್ಟಿಗಳಲ್ಲಿ ಹುಟ್ಟುತ್ತದೆ, ನಡುವೆ ಬೋಳು ಜಾಗವಿರುತ್ತದೆ. ಆ ಸಾಲುಗಳನ್ನು ಬೆರಳು ಕಲಿಯಬೇಕು. ಎದೆಯ ಮೇಲೆ ಚರ್ಮ ತೆಳು. ಅಲ್ಲಿ ಒಂದು ಕೈಯಲ್ಲಿ ಚರ್ಮವನ್ನು ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಎರಡು ಮೂರೇ ಪುಕ್ಕ ಹಿಡಿದು, ಅವು ಬೆಳೆದ ದಿಕ್ಕಿಗೇ ಎಳೆಯಬೇಕು. ಹಿಡಿತುಂಬ ಎಳೆದರೆ ಚರ್ಮ ಹರಿಯುತ್ತದೆ. ರೆಕ್ಕೆಯ ದೊಡ್ಡ ಗರಿಗಳಿಗೆ ಇಕ್ಕಳ ಬೇಕಾದೀತು. ಬಾತುಕೋಳಿಯ ಪುಕ್ಕದೊಳಕ್ಕೆ ನೀರು ಇಳಿಯುವುದು ಕಷ್ಟ. ಅದಕ್ಕೆಂದೇ ಕರಗಿದ ಮೇಣದಲ್ಲಿ ಅದ್ದಿ, ತಣ್ಣೀರಿನಲ್ಲಿ ಗಟ್ಟಿಮಾಡಿ, ತುಪ್ಪಟದ ಸಮೇತ ಸಿಪ್ಪೆಯಾಗಿ ಬಿಡಿಸುವ ಕ್ರಮವಿದೆ. ಕೈಯಿಂದ ತರಿಯುವಾಗಲೇ ಬಂದೂಕಿನ ಸೀಸದ ಚೂರು ಹೊಕ್ಕ ಜಾಗ ಬೆರಳಿಗೆ ಸಿಗುತ್ತದೆ, ಚೂರಿನ ಜೊತೆ ಒಳಸೇರಿದ ಪುಕ್ಕವೂ ಸಿಗುತ್ತದೆ. ಕರುಳು ತೆಗೆಯುವಾಗ ಪಿತ್ತಕೋಶ ಒಡೆದರೆ ಸುತ್ತಲಿನ ಮಾಂಸ ಕಹಿಯಾಗುತ್ತದೆ. ಪಾರಿವಾಳಕ್ಕೆ ಪಿತ್ತಕೋಶವೇ ಇಲ್ಲ, ಅಲ್ಲಿ ಆ ಭಯವಿಲ್ಲ. ಇಷ್ಟು ತಿಳಿವಳಿಕೆ ಬೇಡುವ ಕೆಲಸ ಅಡುಗೆಯ ಭಾಗವೇ ಹೊರತು ಅಡುಗೆಗೆ ಮುಂಚಿನ ಕಿರಿಕಿರಿಯಲ್ಲ.

ಸುಲಿಯುವವರ ಆಕ್ಷೇಪಗಳಿಗೂ ಉತ್ತರ ಕೊಡಬೇಕು. ಸಮಯ ಉಳಿಯುತ್ತದೆ ಎಂಬುದು ನಿಜ. ಗುಂಡೇಟಿಗೆ ಛಿದ್ರವಾದ ಹಕ್ಕಿಯನ್ನು ಸುಲಿಯದೆ ಗತಿಯಿಲ್ಲ ಎಂಬುದೂ ನಿಜ. ಅಂಥದ್ದನ್ನು ಸಾರಿನಲ್ಲಿ ಬೇಯಿಸಲಿ, ಸುಡುವುದು ಬೇಡ. ಆದರೆ ಗತಿಯಿಲ್ಲದಾಗ ಮಾಡುವುದನ್ನು ಎಲ್ಲ ಹಕ್ಕಿಗೂ ನಿಯಮ ಮಾಡಬಾರದು. ಕೊಬ್ಬು ಒಳ್ಳೆಯದಲ್ಲ ಎನ್ನುವವರಿಗೆ ದಾರಿ ಸುಲಭ: ಚರ್ಮದ ಜೊತೆ ಬೇಯಿಸಿ, ತಟ್ಟೆಯಲ್ಲಿ ಚರ್ಮ ತೆಗೆದಿಡಿ. ಹಕ್ಕಿಯನ್ನು ದಿನಗಟ್ಟಲೆ ತೂಗುಹಾಕುವುದು ಕೊಳೆಸಿದಂತಲ್ಲವೇ ಎಂಬ ಪ್ರಶ್ನೆಗೆ ಉತ್ತರವನ್ನು ಹವೆ ಕೊಡುತ್ತದೆ. ಉತ್ತರದ ಚಳಿಗಾಲದ ತಂಪು ಕೋಣೆಯಲ್ಲಿ ಹದವಾಗುವ ಮಾಂಸ ನಮ್ಮ ಸೆಕೆಯಲ್ಲಿ ಹಳಸುತ್ತದೆ. ತೂಗುಹಾಕುವುದು ಆ ನೆಲದ ಪದ್ಧತಿ. ಚರ್ಮ ಉಳಿಸುವುದು ಎರಡೂ ಕಡೆ ಸಲ್ಲುವ ತತ್ವ.

ನಮ್ಮಲ್ಲಿ ಕಾಡುಕೋಳಿಗಾಗಲೀ ಗೌಜಲಕ್ಕಿಗಾಗಲೀ ಕೈ ಹಾಕುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1991ರ ತಿದ್ದುಪಡಿ ಬೇಟೆಯ ಬಾಗಿಲು ಮುಚ್ಚಿವೆ, ಮುಚ್ಚಿಯೇ ಇರಲಿ. ಆದರೆ ಚರ್ಮದ ಬೆಲೆ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಹಂದಿಯನ್ನು ಅಡುಗೆಗೆ ಅಣಿಮಾಡುವ ವಿವರವಿದೆ: ಮೈಮೇಲೆ ಬಿಳಿ ಬಟ್ಟೆ ಹೊದಿಸಿ, ಕೈಯಿಂದ ಕೂದಲು ಕೀಳಲು ಬರುವವರೆಗೆ ಬಿಸಿನೀರು ಹೊಯ್ಯುವುದು, ಇಲ್ಲವೇ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡುವುದು. ಅರಮನೆಯ ಅಡುಗೆಯಲ್ಲೂ ಕೂದಲು ಹೋಗಬೇಕು, ಚರ್ಮ ಉಳಿಯಬೇಕು ಎಂಬುದೇ ಲೆಕ್ಕ. ಹಳೇ ಮೈಸೂರು ಸೀಮೆಯಲ್ಲಿ ನಾಟಿ ಕೋಳಿಯನ್ನು ಬಿಸಿನೀರಿಗೆ ಅದ್ದಿ, ಪುಕ್ಕ ತರಿದು, ಅರಿಶಿನ ಸವರಿ, ಉರಿಯಲ್ಲಿ ಆಡಿಸುವ ಕ್ರಮವೂ ಅದೇ ಲೆಕ್ಕದ್ದು. ನೀರು ಕುದಿಯುತ್ತಿರಬಾರದು, ಅರವತ್ತು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಕುದಿದರೆ ಚರ್ಮ ಬೆಂದು ಪುಕ್ಕದ ಜೊತೆ ಕಿತ್ತುಬರುತ್ತದೆ. ಉರಿಯಲ್ಲಿ ಆಡಿಸಿದಾಗ ಉಳಿದ ನವಿರು ಕೂದಲು ಸುಟ್ಟು, ಹೊಗೆಯ ಘಮ ಚರ್ಮಕ್ಕೆ ಹಿಡಿಯುತ್ತದೆ. ಎಷ್ಟೇ ಮಸಾಲೆ ಅರೆದು ಹಾಕಿದರೂ ಆ ಘಮ ಬಾರದು. ಸಾಕಣೆಯ ಜಪಾನಿ ಕ್ವೇಲ್‌ಗೂ ಇದೇ ಮರ್ಯಾದೆ ಸಲ್ಲಬೇಕು. ಅಂಗೈಯಗಲದ ಆ ಹಕ್ಕಿಯನ್ನು ಸುಲಿದರೆ ಎಣ್ಣೆಯಲ್ಲಿ ಒಣಗಿದ ನಾರಷ್ಟೇ ಉಳಿಯುತ್ತದೆ. ಅಂಗಡಿಯವರು ಸುಲಿಯಲು ಕತ್ತಿ ಎತ್ತುವ ಮೊದಲು ಬೇಡವೆಂದು ಹೇಳಿ, ಪುಕ್ಕ ತರಿದು ಸುಟ್ಟುಕೊಡಿ ಎಂದು ಕೇಳಿ. ಕೇಳುವವರು ಉಳಿದರೆ ಮಾತ್ರ ಆ ಕೆಲಸ ಬಲ್ಲ ಕೈಗಳೂ ಉಳಿಯುತ್ತವೆ.