ಸ್ಟ್ಯಾಂಪ್ಸಿನ ಅಂಗಡಿ ಅಜ್ಜಿ

ಅಮೆರಿಕದ ದಕ್ಷಿಣ ಸೀಮೆಯ ಅರ್ಕಾನ್ಸಾ ರಾಜ್ಯದಲ್ಲಿ ಸ್ಟ್ಯಾಂಪ್ಸ್ ಅನ್ನೋದು ಸಣ್ಣ ಊರು. 1930ರ ದಶಕದಲ್ಲಿ ಅಲ್ಲಿ ಕಪ್ಪು ಜನರಿಗೆ ಬೇರೆ ಕೇರಿ, ಬೇರೆ ಶಾಲೆ. ಆ ಕೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾಕೆ ಆನಿ ಹೆಂಡರ್ಸನ್ ಎಂಬ ಕಪ್ಪು ಹೆಂಗಸು. ಆಕೆಯ ಮೊಮ್ಮಗಳು ಮಾಯಾ ಏಂಜೆಲೊ ತನ್ನ ಬಾಲ್ಯದ ಬಗ್ಗೆ ಬರೆದ ಪುಸ್ತಕ ‘ಐ ನೋ ವೈ ದ ಕೇಜ್ಡ್ ಬರ್ಡ್ ಸಿಂಗ್ಸ್’ 1969ರಲ್ಲಿ ಬಂತು. ಪಂಜರದ ಹಕ್ಕಿ ಯಾಕೆ ಹಾಡುತ್ತೆ ಅಂತ ನನಗೆ ಗೊತ್ತು, ಅಂತ ಅರ್ಥ. ಅಪ್ಪ ಅವ್ವ ಬೇರೆಯಾದಾಗ ಮೂರು ವರ್ಷದ ಮಾಯಾಳನ್ನೂ ನಾಲ್ಕು ವರ್ಷದ ಅಣ್ಣನನ್ನೂ ಕೈಗೆ ವಿಳಾಸದ ಚೀಟಿ ಕಟ್ಟಿ ರೈಲು ಹತ್ತಿಸಿ ಈ ಅಜ್ಜಿಯ ಊರಿಗೆ ಕಳಿಸಿದ್ದರು.

ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿಯವರು ನಸುಕಿಗೇ ಅಂಗಡಿಗೆ ಬಂದು ನಗುತ್ತಾ ಬುತ್ತಿಗೆ ಬೇಕಾದ್ದು ಕೊಳ್ಳುತ್ತಾರೆ. ಸಂಜೆ ಅದೇ ಜನ ಬೆರಳು ಸೀಳಿಕೊಂಡು, ಬೆನ್ನು ಬಾಗಿಸಿಕೊಂಡು, ಸಾಲ ಮಾತ್ರ ಹಾಗೇ ಇಟ್ಟುಕೊಂಡು ಬರುತ್ತಾರೆ. ಹಾಡುತ್ತಾ ಹತ್ತಿ ಬಿಡಿಸುವ ಖುಷಿ ಜನ ಅಂತ ಯಾರಾದರೂ ಬಣ್ಣಿಸಿದರೆ ಲೇಖಕಿಗೆ ಮೈ ಉರಿಯುತ್ತದಂತೆ. ಆದವಾನಿ ಸೀಮೆಯ ಹತ್ತಿ ಹೊಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪುಸ್ತಕದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಎರಡು ಪ್ರಸಂಗ. ಐದನೆಯ ಅಧ್ಯಾಯದಲ್ಲಿ ಬಡ ಬಿಳಿಯರ ಹುಡುಗಿಯರು ಅಂಗಡಿ ಮುಂದೆ ಬಂದು, ನಿಂತಿರುವ ಅಜ್ಜಿಯನ್ನು ಅಣಕಿಸುತ್ತಾರೆ. ಅವರೊಳಗೆ ದೊಡ್ಡವಳೊಬ್ಬಳು ಕೈಯೂರಿ ಕಾಲು ಮೇಲೆ ಮಾಡಿ ನಿಂತಾಗ ಒಳಗೆ ಚಡ್ಡಿ ಸಹ ಇಲ್ಲ. ಅಜ್ಜಿ ಕದಲದೆ ಮೆಲ್ಲಗೆ ದೇವರ ಹಾಡು ಹಾಡುತ್ತಾಳೆ. ಬಾಗಿಲ ಹಿಂದೆ ನಿಂತ ಮಾಯಾಗೆ ಅಳು, ಸಿಟ್ಟು. ಬಂದೂಕಿನ ನೆನಪೂ ಆಗುತ್ತೆ. ಕಡೆಗೆ ಹುಡುಗಿಯರು ಹೊರಟಾಗ ಅಜ್ಜಿ ಒಬ್ಬೊಬ್ಬರ ಹೆಸರಿಗೂ ‘ಮಿಸ್’ ಸೇರಿಸಿ ಕಳಿಸಿಕೊಡುತ್ತಾಳೆ. ಅವರಿಗೋ ಆಕೆ ಬರೀ ‘ಆನಿ’.

ಇಂಗ್ಲಿಷಿನಲ್ಲಿ ಈ ಅನ್ಯಾಯ ಹೇಳಲಿಕ್ಕೆ ‘ಮಿಸ್’ ಒಂದೇ ಸಾಕು. ಕನ್ನಡಕ್ಕೆ ತಂದರೆ ಕ್ರಿಯಾಪದದಲ್ಲೇ ಹೇಳಬೇಕು: ಮೊಮ್ಮಕ್ಕಳ ವಯಸ್ಸಿನವರಿಗೆ ಅಜ್ಜಿ ‘ಹೋಗಿ ಬರ್ರಿ’ ಅನ್ನಬೇಕು, ಅವರು ಅಜ್ಜಿಗೆ ‘ಏ ಆನೀ, ಬಾರೇ’ ಅನ್ನಬೇಕು. ಓದುವಾಗ ನಾನು ಮನಸ್ಸಿನಲ್ಲೇ ಹಾಗೆ ಅನುವಾದ ಮಾಡಿಕೊಂಡೆ. ಇಂಗ್ಲಿಷಿಗಿಂತ ಹೆಚ್ಚು ಚುಚ್ಚಿತು.

ಅಜ್ಜಿ ಒಳಗೆ ಬಂದಾಗ ಆಕೆಯ ಮುಖ ಕಳೆಕಳೆಯಾಗಿತ್ತು, ಆಕೆಯೇ ಗೆದ್ದಳು ಅಂತ ಲೇಖಕಿ ಬರೆಯುತ್ತಾರೆ. ವಿಮರ್ಶಕರು ಇದನ್ನೇ ಎತ್ತಿ ಹಿಡಿಯುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಜ್ಜಿ ಸೋಲಲಿಲ್ಲ, ಸರಿ. ಆದರೆ ಗೆದ್ದಳು ಅಂತ ನಂಬೋದು ಆ ಮಗುವಿಗೆ ಬೇಕಿತ್ತು. ಇಲ್ಲದಿದ್ದರೆ ರಾತ್ರಿ ನಿದ್ದೆ ಹ್ಯಾಗೆ ಬಂದೀತು?

ಹೀಗಂತ ಹೇಳಲಿಕ್ಕೆ ಪುಸ್ತಕವೇ ನನಗೆ ಸಾಕ್ಷಿ. ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಮಾಯಾಗೆ ಹಲ್ಲುನೋವು. ಕಪ್ಪು ದಂತವೈದ್ಯ ಇರೋದು 25 ಮೈಲಿ ದೂರದ ಟೆಕ್ಸಾರ್ಕಾನಾದಲ್ಲಿ. ಅಜ್ಜಿ ಊರಿನ ಬಿಳಿಯ ವೈದ್ಯನ ಹಿಂಬಾಗಿಲಿಗೆ ಹೋಗುತ್ತಾಳೆ. ಕಷ್ಟಕಾಲದಲ್ಲಿ ಆತನಿಗೆ ಸಾಲ ಕೊಟ್ಟಾಕೆ ಆಕೆಯೇ. ಆತ ಮಾತ್ರ, ನಾಯಿ ಬಾಯಿಗಾದರೂ ಕೈ ಹಾಕೇನು, ಈ ಹುಡುಗಿಯ ಬಾಯಿಗೆ ಹಾಕಲಾರೆ ಅನ್ನುತ್ತಾನೆ. ಅಜ್ಜಿ ಮಗುವನ್ನು ಹೊರಗೆ ನಿಲ್ಲಿಸಿ ಒಳಗೆ ಹೋಗುತ್ತಾಳೆ. ಒಳಗೆ ನಡೆದದ್ದು ಮಗುವಿಗೆ ಕಾಣದು. ಆದ್ದರಿಂದ ತಾನೇ ಕಟ್ಟಿಕೊಳ್ಳುತ್ತೆ: ಅಜ್ಜಿ ಹತ್ತಡಿ ಎತ್ತರ ಬೆಳೆದಳು, ಸೂರ್ಯ ಮುಳುಗೋದರೊಳಗೆ ಊರು ಬಿಡು ಅಂದಳು, ನರ್ಸನ್ನು ಕೋಳಿಕಾಳಿನ ಮೂಟೆ ಮಾಡಿದಳು!

ನಿಜವಾಗಿ ಆದದ್ದು ಆಮೇಲೆ ಗೊತ್ತಾಗುತ್ತೆ. ಅಜ್ಜಿ ಹಳೆಯ ಸಾಲಕ್ಕೆ ಬಡ್ಡಿ ಅಂತ ಹತ್ತು ಡಾಲರ್ ವಸೂಲಿ ಮಾಡಿದ್ದಳು. ಆ ಸಾಲ ಎಂದೋ ತೀರಿತ್ತು, ಬಡ್ಡಿಯ ಮಾತೇ ಇರಲಿಲ್ಲ. ಹಾಗೆ ಕೇಳೋದು ನ್ಯಾಯವಲ್ಲ ಅಂತ ಆಕೆಗೂ ಗೊತ್ತು. ದೈವಭಕ್ತೆ ಅಜ್ಜಿಗೆ ಅಷ್ಟು ಸಣ್ಣ ಲೆಕ್ಕಕ್ಕೆ ಇಳಿಯಬೇಕಾಯಿತು. ಮಗುವಿಗೆ ತನ್ನ ಕಥೆಯೇ ಹೆಚ್ಚು ಇಷ್ಟ. ಗೆದ್ದ ಅಜ್ಜಿ ಎಲ್ಲಿ ಹುಟ್ಟುತ್ತಾಳೆ ಅಂತ ಲೇಖಕಿ ಇಲ್ಲಿ ತೆರೆದು ತೋರಿಸಿಬಿಟ್ಟಿದ್ದಾರೆ. ನನ್ನ ಲೆಕ್ಕದಲ್ಲಿ ಪುಸ್ತಕದ ಶ್ರೇಷ್ಠ ಅಧ್ಯಾಯ ಇದೇ.

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕೂಡ ದಕ್ಷಿಣದ ಊರೊಂದರ ಮಗುವಿನ ಕಥೆಯೇ. ಆದರೆ ಆ ಹುಡುಗಿ ಬಿಳಿಯ ವಕೀಲನ ಮಗಳು. ಕೋರ್ಟಿನಲ್ಲಿ ಕಪ್ಪು ಮನುಷ್ಯನಿಗಾಗುವ ಅನ್ಯಾಯ ಕಂಡು ಮರುಗಿದರೂ ಆಕೆ ವಾಪಸ್ಸು ಹೋಗೋದು ಸುರಕ್ಷಿತವಾದ ಮನೆಗೆ. ಮಾಯಾಳ ಮನೆಯಲ್ಲಿ, ಬಿಳಿಯರ ಗುಂಪು ಬಂದೀತು ಅಂತ ಸುದ್ದಿ ಬಂದ ರಾತ್ರಿ, ಅಪ್ಪನ ಅಂಗವಿಕಲ ಸೋದರನನ್ನು ಆಲೂಗಡ್ಡೆ ಉಳ್ಳಾಗಡ್ಡಿಯ ಗೂಡಿನಲ್ಲಿ ಮಲಗಿಸಿ ಮುಚ್ಚುತ್ತಾರೆ. ಆ ರಾತ್ರಿ ಯಾರೂ ಬರಲಿಲ್ಲ. ಆತ ಮಾತ್ರ ಅಲ್ಲೇ ನರಳುತ್ತಾ ಬಿದ್ದಿದ್ದ.

ಕೊರತೆಯೂ ಉಂಟು. ಕೆಲವು ಕಡೆ ಮಗುವಿನ ಬಾಯಲ್ಲಿ ದೊಡ್ಡವರ ಜಾಣ ಮಾತು ಬಂದುಬಿಡುತ್ತೆ. ಮೇಷ್ಟ್ರುಗಳಿಗೆ ಇನ್ನೊಂದು ಮಾತು: ಎಂಟು ವರ್ಷದ ಮಾಯಾಳ ಮೇಲಾದ ಅತ್ಯಾಚಾರದ ಭಾಗ ಇದರಲ್ಲಿದೆ, ಅದಕ್ಕೇ ಇಡೀ ಪುಸ್ತಕವನ್ನು ಸಣ್ಣ ಮಕ್ಕಳ ಕೈಗೆ ಕೊಡಬೇಡಿ. ನಾನು ಹೇಳಿದ ಎರಡು ಅಧ್ಯಾಯಗಳನ್ನು ಕನ್ನಡ ಮಾಡಿಕೊಂಡು ಎಂಟನೇ ಇಯತ್ತೆಯವರಿಗೆ ಓದಿ ಹೇಳಬಹುದು. ‘ಮಿಸ್’ ಬಂದ ಕಡೆ ‘ರ್ರಿ’ ಹಾಕೋದು ಮರೀಬೇಡಿ.