ಮನೋವೇದನೆಯೋ ಹತಾಶೆಯೋ: ಷ್ನೈಡ್‌ಮನ್ನರ ಕೃತಿಯ ಒಂದು ಅವಲೋಕನ

ಅಮೆರಿಕದ ಮನೋವಿಜ್ಞಾನಿ ಎಡ್ವಿನ್ ಷ್ನೈಡ್‌ಮನ್ ಅವರು 1996ರಲ್ಲಿ ಪ್ರಕಟಿಸಿದ ‘ದಿ ಸೂಸೈಡಲ್ ಮೈಂಡ್’ ಕೃತಿಯ ತಿರುಳು ಇಷ್ಟು: ಆತ್ಮಹತ್ಯೆಯ ಮೂಲವು ಸಹಿಸಲಾಗದ ಮನೋವೇದನೆ. 1958ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆತ್ಮಹತ್ಯಾ ನಿವಾರಣಾ ಕೇಂದ್ರವನ್ನು ಸ್ಥಾಪಿಸಿದವರಲ್ಲೊಬ್ಬರಾದ ಅವರು ಈ ವೇದನೆಗೆ ‘ಸೈಕೇಕ್’ ಎಂಬ ಪದವನ್ನೇ ಟಂಕಿಸಿದರು. ಖಿನ್ನತೆಯಿಂದ ಬಳಲುವವರಲ್ಲಿ ಬಹುಪಾಲು ಜನರು ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ. ಆದ್ದರಿಂದ ರೋಗದ ಹೆಸರಿಗಿಂತ ಅದರೊಳಗಿನ ನೋವಿನ ತೀವ್ರತೆಯನ್ನು ವಿಚಾರಿಸಬೇಕೆಂಬುದು ಅವರ ನಿಲುವು. ಪ್ರೀತಿ, ಗೌರವ, ಆಸರೆ ಮೊದಲಾದ ಅಗತ್ಯಗಳು ಭಗ್ನಗೊಂಡಾಗ ಈ ನೋವು ಹುಟ್ಟುತ್ತದೆ. ಅಂಥವನು ಬಯಸುವುದು ನೋವಿನ ಅಂತ್ಯವನ್ನು. ಅವನೊಳಗೆ ಬದುಕುವ ಆಸೆಯೂ ಜೊತೆಗೇ ಇರುತ್ತದೆ.

ನೀತಿ ದೈವಶಾಸ್ತ್ರವನ್ನು ಬೋಧಿಸುವ ನಮಗೆ ಈ ವಾದವು ಒಂದು ಆತ್ಮಶೋಧನೆ. ಆತ್ಮಹತ್ಯೆಯನ್ನು ನಾವು ಬಹುಕಾಲ ಹತಾಶೆಯೆಂಬ ಪಾಪದ ಅಡಿಯಲ್ಲಿಯೇ ಇರಿಸಿದ್ದೆವು. ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ 1917ರ ಧರ್ಮಸಭೆಯ ಕಾನೂನು ಸಂಹಿತೆಯು ಸಮಾಧಿ ಸಂಸ್ಕಾರವನ್ನು ನಿರಾಕರಿಸಿತ್ತು; 1983ರ ಸಂಹಿತೆಯ ನಿರಾಕರಣೆಯ ಪಟ್ಟಿಯಲ್ಲಿ ಅವರಿಲ್ಲ. ತೀವ್ರ ಮಾನಸಿಕ ಕ್ಷೋಭೆ, ಸಂಕಟ, ಭಯಗಳು ಮನುಷ್ಯನ ಹೊಣೆಯನ್ನು ಕುಗ್ಗಿಸಬಲ್ಲವೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2282ನೆಯ ಖಂಡಿಕೆ ಹೇಳುತ್ತದೆ. ಆದರೆ ಈ ಕರುಣೆಯ ಮಾತನ್ನು ನಾವು ನೆನೆಯುವುದು ಹೆಚ್ಚಾಗಿ ಅಂತ್ಯಸಂಸ್ಕಾರದ ದಿನ. ಷ್ನೈಡ್‌ಮನ್ನರು ಅದೇ ಸಂಕಟವನ್ನು ವ್ಯಕ್ತಿಯು ಬದುಕಿರುವಾಗಲೇ ಆಲಿಸಿರೆನ್ನುತ್ತಾರೆ. ಕೃತಿಯ ನಿಜವಾದ ಬೆಲೆ ಇಲ್ಲಿದೆ.

ಕೊರತೆಯೂ ಉಂಟು. ಮುಖ್ಯವಾಗಿ ಮೂವರ ಜೀವನಕಥನದ ಆಧಾರದ ಮೇಲೆ ಅವರು ಸಾರ್ವತ್ರಿಕ ನಿಯಮವೊಂದನ್ನು ಕಟ್ಟುತ್ತಾರೆ. 365 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2017ರ ವಿಶ್ಲೇಷಣೆಯೊಂದು, ತನಗೆ ದೊರೆತ ಯಾವ ಅಪಾಯಸೂಚಕವೂ ಒಂಟಿಯಾಗಿ ಆತ್ಮಹತ್ಯೆಯನ್ನು ಸಮರ್ಪಕವಾಗಿ ಮುನ್ಸೂಚಿಸದೆಂದು ತೋರಿಸಿತು. ಆದಕಾರಣ ನೋವನ್ನು ಭವಿಷ್ಯ ನುಡಿಯುವ ಅಳತೆಗೋಲೆಂದು ನಾವು ಒಪ್ಪಲಾರೆವು. ಕೇಳಲೇಬೇಕಾದ ಪ್ರಶ್ನೆಯೆಂದು ಒಪ್ಪುತ್ತೇವೆ.

ಪವಿತ್ರ ಗ್ರಂಥವೂ ಈ ಕ್ರಮವನ್ನೇ ತೋರಿಸುತ್ತದೆ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಸಾವನ್ನು ಬೇಡುತ್ತಾನೆ. ದೇವದೂತನು ಅವನನ್ನು ಗದರಿಸುವುದಿಲ್ಲ. ಎರಡು ಬಾರಿ ತಟ್ಟಿ ಎಬ್ಬಿಸಿ ಉಣ್ಣಲು ಹೇಳುತ್ತಾನೆ. ದೇವರು ಅವನ ದೂರನ್ನು ಎರಡು ಬಾರಿ ಆಲಿಸಿದ ಮೇಲೆಯೇ ಮುಂದಿನ ಕಾರ್ಯವನ್ನು ಒಪ್ಪಿಸುತ್ತಾರೆ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಗುರುವು ಅಂಜಬೇಕಿಲ್ಲ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಪಾಪನಿವೇದನೆಯ ಗೌಪ್ಯವನ್ನು ಮುರಿಯುವಂತಿಲ್ಲ. ಆದುದರಿಂದಲೇ ಅಲ್ಲಿ ಹೇಳಿದ್ದನ್ನು ಹೊರಗೂ ಹೇಳಿಕೊಳ್ಳುವಂತೆ, ವೈದ್ಯರನ್ನು ಕಾಣುವಂತೆ, ಟೆಲಿ ಮಾನಸ್‌ನ 14416ಕ್ಕೆ ಕರೆಮಾಡುವಂತೆ ನಿವೇದಕನನ್ನು ಒಲಿಸಬೇಕು. ಭರವಸೆಯನ್ನು ಬೋಧಿಸುವ ಮುನ್ನ ನೋವೆಲ್ಲಿದೆಯೆಂದು ಕೇಳುವುದನ್ನು ನಮ್ಮ ಗುರುಮಠಗಳು ಕಲಿಸಲಿ.