ಔಷಧವೃತ್ತಿಯ ಚರಿತ್ರೆ: ಒಂದು ವಿಮರ್ಶೆ

ಫಾರ್ಮಸಿ ಪದವಿತರಗತಿಯ ಮೊದಲ ವರ್ಷದಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ವೃತ್ತಿಯ ಚರಿತ್ರೆಯನ್ನು ತಿಳಿಸುವ ಪಾಠವೊಂದುಂಟು. ಫಾರ್ಮಸಿಯನ್ನು ಜೀವನವೃತ್ತಿಯನ್ನಾಗಿ ಆರಿಸಿಕೊಳ್ಳುವ ವಿಚಾರವೂ ಅದೇ ಪಾಠದೊಳಗೆ ಸೇರಿದೆ. ಇಂತಹ ಕೆಲವು ಪಾಠಪುಸ್ತಕಗಳನ್ನು ನಾವು ಈಚೆಗೆ ಓದಿ ನೋಡಿದೆವು. ನಿರೂಪಣೆ ಎಲ್ಲದರಲ್ಲಿಯೂ ಸುಮಾರಾಗಿ ಒಂದೇ. 1930-31ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿ. 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಆರಂಭ. 1940ರ ಔಷಧ ಶಾಸನ. 1948ರ ಫಾರ್ಮಸಿ ಶಾಸನ. 2008ರಲ್ಲಿ ಆರು ವರ್ಷಗಳ ಫಾರ್ಮ್ ಡಿ. ಕಾಂಪೌಂಡರನ ಅಜ್ಞಾನದಿಂದ ಹೊರಟ ವೃತ್ತಿಯು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತೆಂಬುದೇ ಇದರ ತಾತ್ಪರ್ಯ. ಇಸವಿಗಳಲ್ಲಿ ದೋಷವಿಲ್ಲ. ಆದರೆ ಇದು ಶಾಸನಗಳ ಚರಿತ್ರೆಯೇ ಹೊರತು ಕೆಲಸದ ಚರಿತ್ರೆಯಲ್ಲವೆಂದು ನಮಗೆ ತೋರುತ್ತದೆ.

1948ರ ಶಾಸನವನ್ನೇ ತೆಗೆದುಕೊಳ್ಳೋಣ. ಅದರ 42ನೆಯ ವಿಧಿಯು ವೈದ್ಯರ ಚೀಟಿಯ ಮೇರೆಗೆ ಔಷಧಗಳನ್ನು ಕೂಡಿಸುವ, ಸಿದ್ಧಪಡಿಸುವ, ಬೆರೆಸುವ, ಕೊಡುವ ಅಧಿಕಾರವನ್ನು ನೋಂದಾಯಿತ ಫಾರ್ಮಸಿಸ್ಟನಿಗೆ ಮಾತ್ರ ಮೀಸಲಿಡುತ್ತದೆ. ಈ ನಾಲ್ಕು ಕ್ರಿಯೆಗಳಲ್ಲಿ ಮೊದಲ ಮೂರು ಕಾಂಪೌಂಡರನ ನಿತ್ಯದ ಕೆಲಸವೇ ಆಗಿದ್ದುವು. ತಕ್ಕಡಿಯಲ್ಲಿ ಪುಡಿ ತೂಗಿ, ಕಲ್ವದಲ್ಲಿ ಅರೆದು, ಮಿಕ್ಸ್ಚರನ್ನು ಸೀಸೆಗೆ ತುಂಬಿ, ಒಂದೊಂದು ಹೊತ್ತಿಗೆ ಎಷ್ಟೆಂಬುದನ್ನು ತೋರಿಸುವಂತೆ ಕಾಗದದ ಪಟ್ಟಿಯನ್ನು ಕತ್ತರಿಸಿ ಅಂಟಿಸುತ್ತಿದ್ದವನು ಅವನು. ಆ ಪಟ್ಟಿಯನ್ನು ಅಂಟಿಸುವಾಗಲೇ ರೋಗಿಯೊಡನೆ ನಾಲ್ಕು ಮಾತೂ ನಡೆಯುತ್ತಿತ್ತು. ಐದು ವರ್ಷ ಈ ಕೆಲಸ ಮಾಡಿದವರನ್ನು ಮೊದಲ ಪಟ್ಟಿಗೆ ಸೇರಿಸಿಕೊಳ್ಳಲು ಶಾಸನದ 31ನೆಯ ವಿಧಿಯೇ ಅವಕಾಶವಿತ್ತಿತು. ಅಂದಮೇಲೆ ಶಾಸನಕರ್ತರೂ ಕಾಂಪೌಂಡರನ ಅನುಭವವನ್ನು ಬೆಲೆಯಿಲ್ಲದುದೆಂದು ಭಾವಿಸಿರಲಿಲ್ಲ. ಪಾಠಪುಸ್ತಕಗಳು ಈ ವಿಧಿಯನ್ನು ಮರೆತೇಬಿಟ್ಟಿವೆ.

ಮುಂದೆ ನಡೆದುದು ವಿಚಿತ್ರ. ಕಾರ್ಖಾನೆಯ ಮಾತ್ರೆ, ಕ್ಯಾಪ್ಸೂಲುಗಳು ಬಂದು ಮಿಕ್ಸ್ಚರು ಹಿಂದೆ ಸರಿದಂತೆಲ್ಲ ಕೂಡಿಸುವುದೂ ಬೆರೆಸುವುದೂ ಅಂಗಡಿಯಿಂದ ಮಾಯವಾದುವು. ಇತ್ತ 42ನೆಯ ವಿಧಿಯು ಜಾರಿಗೆ ಬರುವ ದಿನವನ್ನು ಗೊತ್ತುಮಾಡುವ ಹೊಣೆ ಆಯಾ ರಾಜ್ಯ ಸರ್ಕಾರಗಳದಾಗಿದ್ದಿತು. ದಿನವನ್ನು ಗೊತ್ತುಮಾಡದ ರಾಜ್ಯಗಳಲ್ಲಿ ಕೆಲವು ವರ್ಷಗಳ ಬಳಿಕ ತಾನಾಗಿಯೇ ಜಾರಿಯಾಗತಕ್ಕದ್ದೆಂದು ವಿಧಿಸಬೇಕಾದರೆ 1976ರ ತಿದ್ದುಪಡಿಯೇ ಬರಬೇಕಾಯಿತು. ಹೀಗೆ ಕಾವಲು ಪೂರ್ತಿಯಾಗಿ ನಿಂತ ಹೊತ್ತಿಗೆ ಕಾಯಬೇಕಾದ ಕೆಲಸದ ಬಹುಭಾಗವೇ ಉಳಿದಿರಲಿಲ್ಲ. ಉಳಿದದ್ದು ‘ಕೊಡುವುದು’ ಒಂದೇ; ಅಚ್ಚಾದ ಹಾಳೆಯಿಂದ ಹತ್ತು ಮಾತ್ರೆ ಕತ್ತರಿಸಿ ಕೊಡಲು ವಿದ್ಯೆಯೇಕೆಂದು ಅಂಗಡಿಯ ಯಜಮಾನನು ಕೇಳಿದರೆ ಆಶ್ಚರ್ಯವೇನು?

ಪ್ರಮಾಣಪತ್ರವು ಗೋಡೆಯ ಮೇಲೂ ಅದರ ಒಡೆಯನು ಬೇರೆಲ್ಲಿಯೋ ಇರುವ ಅಂಗಡಿಗಳ ಮೂಲವನ್ನು ನಾವು ಇಲ್ಲಿ ಕಾಣುತ್ತೇವೆ. ಪತ್ರವನ್ನು ಬಾಡಿಗೆಗೆ ಕೊಡುವುದು ನೀತಿಗೇಡೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ವ್ಯಕ್ತಿಗಳ ದೋಷವೆಂದಷ್ಟೇ ಹೇಳಿ ಮುಗಿಸುವ ಪುಸ್ತಕಗಳು, ಕೆಲಸ ಕ್ಷೀಣಿಸಿ ಪರವಾನಗಿ ಮಾತ್ರ ಬೆಲೆಯುಳ್ಳದ್ದಾಗಿ ಉಳಿದ ವೃತ್ತಿಯಲ್ಲಿ ಎರಡು ವರ್ಷದ ಡಿಪ್ಲೊಮಾ ಮುಗಿಸಿದ ತರುಣನು ಯಾವುದರ ಮೇಲೆ ಜೀವನ ಕಟ್ಟಿಕೊಳ್ಳಬೇಕೆಂಬುದನ್ನು ಹೇಳುವುದಿಲ್ಲ. ಆ ಪ್ರಶ್ನೆ ನಮ್ಮ ತರಗತಿಗಳ ಎಷ್ಟೋ ವಿದ್ಯಾರ್ಥಿಗಳ ಮನೆಯದೂ ಆಗಿದೆ.

2015ರ ಫಾರ್ಮಸಿ ವೃತ್ತಿ ನಿಯಮಗಳು ಈ ಶೂನ್ಯವನ್ನು ತುಂಬಲು ಹೊರಟಿವೆ. ಔಷಧದ ಹೆಸರು, ಪ್ರಮಾಣ, ಅಡ್ಡ ಪರಿಣಾಮ, ಇಡುವ ರೀತಿ, ಒಂದು ಹೊತ್ತು ತಪ್ಪಿದರೆ ಮಾಡಬೇಕಾದುದೇನು ಎಂಬುದನ್ನೆಲ್ಲ ಫಾರ್ಮಸಿಸ್ಟನು ರೋಗಿಗೆ ತಿಳಿಸಬೇಕೆಂದು ಅವು ಹೇಳುತ್ತವೆ. ಇದನ್ನು ತೀರ ಹೊಸ ಪಾತ್ರವೆಂದು ಪುಸ್ತಕಗಳು ಕೊಂಡಾಡುವುದನ್ನು ನಾವು ಒಪ್ಪಲಾರೆವು. ಸೀಸೆಯ ಮೇಲಿನ ಕಾಗದದ ಪಟ್ಟಿ ಇನ್ನೇನನ್ನು ಹೇಳುತ್ತಿದ್ದಿತು? ಹೊಸದಾದುದು ಔಷಧಗಳ ಸಂಖ್ಯೆ, ಅವುಗಳ ಉಗ್ರತೆ, ಅದಕ್ಕೆ ಬೇಕಾದ ಜ್ಞಾನ. ಮಾತನಾಡುವ ಈ ಕೆಲಸಕ್ಕೆ ಪ್ರತ್ಯೇಕ ಸಂಭಾವನೆಯುಂಟೆ, ಮಾತ್ರೆಯ ಲಾಭದಿಂದಲೇ ಅದು ಹುಟ್ಟಬೇಕೆ ಎಂಬುದು ಇತ್ಯರ್ಥವಾಗದೆ ಹೋದರೆ, 1948ರ ಶಾಸನಕ್ಕೆ ಆದ ಗತಿಯೇ ಈ ನಿಯಮಗಳಿಗೂ ಆದೀತೆಂಬ ಭಯ ನಮಗಿದೆ.

ಹಳೆಯ ಆಸ್ಪತ್ರೆಗಳ ಮಿಕ್ಸ್ಚರ್ ಪುಸ್ತಕಗಳು, ದಾಸ್ತಾನು ಲೆಕ್ಕಗಳು, ಇನ್ನೂ ಬದುಕಿರುವ ಕಾಂಪೌಂಡರುಗಳ ನೆನಪುಗಳು ಈ ಚರಿತ್ರೆಯ ನಿಜವಾದ ಸಾಮಗ್ರಿ. ಕಡತಗಳು ರದ್ದಿಗೆ ಹೋಗುವ ಮೊದಲೇ ಅವನ್ನು ಸಂಗ್ರಹಿಸುವ ಕೆಲಸವನ್ನು ಫಾರ್ಮಸಿ ಕಾಲೇಜುಗಳೂ ಚರಿತ್ರೆಯ ವಿಭಾಗಗಳೂ ಕೂಡಿ ಕೈಗೊಳ್ಳಬಹುದಾಗಿದೆ.